ಒಂದು ಚೆಂಬು ಅಂಬಲಿ, ಐದು ನಿಮಿಷ

ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ, ಮಗ್ಗಗಳನ್ನು ತೆಗೆದು ಖಾಲಿ ಮಾಡಿದ ಒಂದು ಉದ್ದನೆಯ ಪಡಸಾಲೆ. ಅಲ್ಲಿ ಚಾಪೆಯ ಮೇಲೆ ನಾವು ಮೂವತ್ತು ಚಿಲ್ಲರೆ ಜನ ಕೂತಿದ್ದೆವು. ಎದುರಿಗೆ ಕೊರಳಿಗೆ ಸೀಟಿ ಹಾಕಿಕೊಂಡ ರೆಫರಿ. ಬಳ್ಳಾರಿ ಕಡೆಯ ಒಂದು ಹೈಸ್ಕೂಲಿನ ಆಟದ ಮೇಷ್ಟ್ರು. ನನ್ನ ಪಕ್ಕದಲ್ಲಿ ಹೆಂಡತಿ. ಅದು ಅವಳ ತವರೂರು, ಹಾಗಾಗಿ ಅವಳು ಸ್ವಲ್ಪ ಗತ್ತಿನಲ್ಲೇ ಕೂತಿದ್ದಳು. ಹಿಂದೆ, ಗೋಡೆಗೆ ಒರಗಿಕೊಂಡು, ಯಾರೂ ಕರೆಯದಿದ್ದರೂ ತಳಕಿನಿಂದ ಬಸ್ಸು ಹತ್ತಿ ಬಂದಿದ್ದ ನಮ್ಮವ್ವ.

ಮರುದಿನ ಬೆಳಿಗ್ಗೆ ಟ್ರಯಥ್ಲಾನ್. ಕೆರೆಯಲ್ಲಿ ಎರಡು ಕಿಲೋಮೀಟರಿಗೆ ತುಸು ಕಡಿಮೆ ಈಜಬೇಕು, ಎದ್ದು ಬಂದು ಚಳ್ಳಕೆರೆಗೆ ಹೋಗಿ ವಾಪಸು ಬರುವಷ್ಟು, ಅಂದರೆ ತೊಂಬತ್ತು ಕಿಲೋಮೀಟರ್, ಸೈಕಲ್ ತುಳಿಯಬೇಕು, ಇಳಿದ ಮೇಲೆ ಇಪ್ಪತ್ತೊಂದು ಕಿಲೋಮೀಟರ್ ಓಡಬೇಕು. ಎಲ್ಲಕ್ಕೂ ಸೇರಿ ಎಂಟೂವರೆ ಗಂಟೆ. ಅಷ್ಟರಲ್ಲಿ ಮುಗಿಸದವರನ್ನು ಹಿಂದೆ ಬರುವ ವ್ಯಾನು ಹತ್ತಿಸಿಕೊಳ್ಳುತ್ತದೆ.

ಆ ವ್ಯಾನಿನ ಸೀಟು ನನಗೆ ಗೊತ್ತು. ಹಿಂದಿನ ವರ್ಷ ಓಟದ ಅರ್ಧದಲ್ಲಿ ಅದರಲ್ಲಿ ಕೂತು ಬಂದಿದ್ದೆ. ನಾನು ಅದರಿಂದ ಇಳಿಯುವುದನ್ನು ಅವ್ವ ನೋಡಿಬಿಟ್ಟಿದ್ದಳು. ಇಬ್ಬರು ನನ್ನ ರಟ್ಟೆ ಹಿಡಿದು ಇಳಿಸುತ್ತಿದ್ದರು. ಮಗ ಏನೋ ತಪ್ಪು ಮಾಡಿ ಸಿಕ್ಕಿಬಿದ್ದಿದ್ದಾನೆ ಎಂದೇ ಅವಳು ತಿಳಿದಳು. ನಿಜ ಹೇಳಿದ ಮೇಲೆ ಇನ್ನೂ ಬೇಜಾರಾದಳು. ವರ್ಷವಿಡೀ ನಾನು ಸೈಕಲ್ ಹೊರಗೆ ತೆಗೆದಾಗಲೆಲ್ಲ ಅವಳದ್ದು ಒಂದೇ ಮಾತು, ಈ ಸಲ ಆ ವ್ಯಾನು ಹತ್ತಬೇಡ.

ನಾನೇನು ಆಟಗಾರನಲ್ಲ. ಚಳ್ಳಕೆರೆಯ ಎಣ್ಣೆ ಗಿರಣಿಯೊಂದರಲ್ಲಿ ಶೇಂಗಾ ಚೀಲ ತೂಕ ಹಾಕಿಸುವವನು. ನಲವತ್ತು ದಾಟಿದ ಮೇಲೆ ಡಾಕ್ಟರು ಸಕ್ಕರೆ ಕಾಯಿಲೆ ಅಂದರು, ನಡೆಯಿರಿ ಅಂದರು. ನಡಿಗೆ ಹೇಗೋ ಓಟವಾಯಿತು, ಓಟದ ಗೆಳೆಯರು ಸೈಕಲ್ಲಿಗೆ ಎಳೆದರು. ಈಜು ಮಾತ್ರ ಚಿಕ್ಕಂದಿನದು. ತಾತ ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ಹೊಲದ ಬಾವಿಗೆ ಇಳಿಬಿಡುತ್ತಿದ್ದ. ನೀರಿನ ಜೊತೆ ಜಗಳ ಆಡಬೇಡ, ಅದು ನಿನ್ನ ಬೇಡ ಅನ್ನಲ್ಲ, ಎಂದು ಮೇಲಿನಿಂದ ಹೇಳುತ್ತಿದ್ದ.

ರೆಫರಿ ನಿಯಮಗಳನ್ನು ಒಂದೊಂದಾಗಿ ಓದಿದರು. "ಸ್ಪರ್ಧೆಯ ವೇಳೆ ಹೊರಗಿನವರಿಂದ ತಿನ್ನಲು, ಕುಡಿಯಲು ಏನನ್ನೂ ಪಡೆಯುವಂತಿಲ್ಲ" ಎಂಬಲ್ಲಿಗೆ ಬಂದಾಗ ಅವ್ವ ಹಿಂದಿನಿಂದ ಎಲ್ಲರಿಗೂ ಕೇಳುವ ಹಾಗೆ, ಅದು ಸರಿಯಾದ ಮಾತು ಅಂದಳು. ನಾನು ಸಣ್ಣವನಿದ್ದಾಗಿನಿಂದ ಅವಳೂ ಅದನ್ನೇ ಹೇಳಿಕೊಂಡು ಬಂದಿದ್ದಳಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವಳಿಗೆ ಆ ನಿಯಮ ಯಾವ ಅರ್ಥದಲ್ಲಿ ಒಪ್ಪಿಗೆಯಾಯಿತು ಎಂದು ಆಗಲೇ ಯೋಚಿಸಬೇಕಿತ್ತು.

ಬೆಳಗಿನ ಕೆರೆ ತಣ್ಣಗಿತ್ತು. ತಾತನ ಮಾತಿನಂತೆ ಜಗಳವಾಡದೆ ಈಜಿದೆ. ದಡ ಹತ್ತಿದಾಗ ನನ್ನ ಹಿಂದೆ ಇನ್ನೂ ಆರೇಳು ಜನ ಇದ್ದರು. ಚಳ್ಳಕೆರೆ ಕಡೆಗೆ ಗಾಳಿ ಬೆನ್ನಿಗಿತ್ತು, ಯಾರೋ ದಬ್ಬಿದ ಹಾಗೆ ಸೈಕಲ್ ಓಡಿತು. ಊರಂಚಿನಲ್ಲಿ ತಿರುಗುವ ಜಾಗಕ್ಕೆ ನಮ್ಮ ಗಿರಣಿಯ ಹಮಾಲರು ಬಂದು ನಿಂತಿದ್ದರು. ಅವರಲ್ಲೊಬ್ಬ, "ಅಣ್ಣಾ, ಕೆಲಸಕ್ಕೆ ಒಂದಿನಾನೂ ಈ ಸ್ಪೀಡ್ನಾಗೆ ಬಂದಿಲ್ಲಲ್ಲ ನೀನು" ಅಂದ. ನಗುತ್ತಲೇ ಸೈಕಲ್ ತಿರುಗಿಸಿದೆ.

ತಿರುಗಿಸಿದ್ದೇ ತಡ, ಗಾಳಿ ಮುಖಕ್ಕೆ ಬಂತು. ನಮ್ಮ ಬಯಲಿನಲ್ಲಿ ಗಾಳಿಯನ್ನು ತಡೆಯಲು ಏನೂ ಇಲ್ಲ, ಒಂದು ಜಾಲಿ ಗಿಡದಿಂದ ಇನ್ನೊಂದು ಜಾಲಿ ಗಿಡದವರೆಗೆ ಅದರದೇ ರಾಜ್ಯ. ಅದರ ಮೇಲೆ ಒಂದು ರಸ್ತೆ ಉಬ್ಬಿನಲ್ಲಿ ಸೈಕಲ್ ಎಗರಿ ನೀರಿನ ಬಾಟಲಿ ಹಾರಿಬಿತ್ತು. ಹಿಂದೆ ಬರುತ್ತಿದ್ದ ಲಾರಿಯ ಗಾಲಿ ಅದರ ಮೇಲೆ ಹಾಯಿತು. ದಾರಿಯಲ್ಲಿ ಶಕ್ತಿಗೆಂದು ಜೇಬಿನಲ್ಲಿಟ್ಟುಕೊಂಡಿದ್ದ ಸಿಹಿ ಪೇಸ್ಟಿನ ಪೊಟ್ಟಣಗಳು ನೀರಿಲ್ಲದೆ ಗಂಟಲಲ್ಲಿ ಇಳಿಯಲಿಲ್ಲ. ಮುಂದಿನ ನೀರಿನ ಮೇಜಿಗೆ ಇನ್ನೂ ಹದಿನೈದು ಕಿಲೋಮೀಟರ್. ತಳಕು ಹತ್ತಿರವಾಗುವ ಹೊತ್ತಿಗೆ ಮೀನಖಂಡ ಹಿಡಿದುಕೊಂಡಿತು, ಕಣ್ಣ ಮುಂದೆ ರಸ್ತೆ ತೇಲತೊಡಗಿತು. ವ್ಯಾನಿನ ಸೀಟು ನೆನಪಾಯಿತು.

ಆಗ ರಸ್ತೆ ಬದಿಯ ಬೇವಿನ ಮರದ ಕೆಳಗೆ ಅವ್ವ ಕಂಡಳು. ಅಂದು ಬೆಳಿಗ್ಗೆ ಮೊದಲ ಬಸ್ಸಿಗೆ ಊರಿಗೆ ಮರಳಿದ್ದಳಂತೆ. ಕೈಯಲ್ಲಿ ಚೆಂಬು, ಕಾಲ ಬಳಿ ಬಿಂದಿಗೆ. ಮಜ್ಜಿಗೆ ಹಾಕಿದ ರಾಗಿ ಅಂಬಲಿ, ಮೇಲೆ ಹೆಚ್ಚಿದ ಈರುಳ್ಳಿ. ಅವಳು ಚೆಂಬು ಚಾಚಿದಳು, ನಾನು ಏನೂ ಯೋಚಿಸಲಿಲ್ಲ. ಒಂದು ಕಾಲು ನೆಲಕ್ಕೆ ಊರಿ ಗಟಗಟ ಕುಡಿದೆ. ಚೆಂಬು ಕೆಳಗಿಳಿಸಿದರೆ, ರೆಫರಿಯ ಮೋಟಾರ್ ಸೈಕಲ್ ಪಕ್ಕದಲ್ಲೇ ನಿಂತಿದೆ.

"ಸಾರ್, ಹೊರಗಿನೋರಿಂದ ತಗಂಡ್ರಿ ನೀವು" ಅಂದರು ರೆಫರಿ, ಅವರಿಗೇ ಬೇಜಾರಾದವರಂತೆ.

ಅವ್ವ ಹಿಂದೆ ಮುಂದೆ ರಸ್ತೆ ನೋಡಿದಳು. "ಹೊರಗಿನೋರು ಯಾರ್ರೀ ಮೇಷ್ಟ್ರೇ ಇಲ್ಲಿ? ನಾನು ಇವನ ಅವ್ವ."

"ಗೊತ್ತೈತೆ ಅವ್ವಾ. ಆದ್ರೆ ನಿಯಮದಾಗೆ ನೀವೂ ಹೊರಗಿನೋರೇ."

"ಹೆತ್ತೋಳು ಹೊರಗಿನೋಳಾದ್ರೆ ಒಳಗಿನೋರು ಯಾರು? ಇವನ ಹೆಂಡ್ತೀನಾ?"

"ಅವ್ರೂ ಹೊರಗಿನೋರೇ."

ಅವ್ವ ಒಂದು ಕ್ಷಣ ತೂಗಿ ನೋಡಿದಳು. "ಹಂಗಾದ್ರೆ ಸರಿ" ಅಂದಳು.

ರೆಫರಿ ಮುಖ ಆ ಕಡೆ ತಿರುಗಿಸಿ ನಕ್ಕರು. ಆದರೆ ನಿಯಮ ಬಿಡಲಿಲ್ಲ. ಮೊದಲ ತಪ್ಪಾದ್ದರಿಂದ ಹೊರಗೆ ಹಾಕುವುದಿಲ್ಲ, ಐದು ನಿಮಿಷ ಸೈಕಲ್ಲಿನಿಂದ ಇಳಿದು ಇಲ್ಲೇ ನಿಲ್ಲಬೇಕು ಅಂದರು. ಹಿಂದಿದ್ದ ಆರೇಳು ಜನರೂ ಒಬ್ಬೊಬ್ಬರಾಗಿ ನನ್ನನ್ನು ದಾಟಿ ಹೋದರು. ಅವರ ಬೆನ್ನು ನೋಡುತ್ತ ನನಗೆ ಸಿಟ್ಟು ನೆತ್ತಿಗೇರಿತು. ಅವ್ವನ ಕಡೆ ತಿರುಗಿ, "ನಿನ್ನಿಂದ ಎಲ್ಲಾ ಹಾಳಾತು" ಅಂದುಬಿಟ್ಟೆ.

ಅವಳು ಚೆಂಬಿನ ಬಾಯನ್ನು ಸೆರಗಿನಿಂದ ಒರೆಸಿದಳು. "ತುಟಿ ಬೆಳ್ಳಗಾಗಿತ್ತು ಕಣೋ ನಿಂದು" ಎಂದಷ್ಟೇ ಹೇಳಿದಳು.

ಆಮೇಲೆ ನನ್ನನ್ನು ಬಿಟ್ಟು ರೆಫರಿಯ ಕಡೆ ಹೋದಳು. ಬಿಂದಿಗೆಯಲ್ಲಿ ಇನ್ನೂ ಅಂಬಲಿ ಇತ್ತು. ನಿಮಗಂತೂ ನಾನು ಹೊರಗಿನವಳೇ, ನೀವೇನು ಓಡುತ್ತಿಲ್ಲವಲ್ಲ, ಕುಡೀರಿ ಎಂದು ಒತ್ತಾಯ ಮಾಡಿದಳು. ಅವರು ಗಡಿಯಾರದ ಮೇಲಿನ ಕಣ್ಣು ತೆಗೆಯದೆ ಕುಡಿದರು. ಐದು ನಿಮಿಷ ಅಂದರೆ ಐದೇ ನಿಮಿಷ, ಒಂದು ಗಳಿಗೆ ಹೆಚ್ಚು ನಿಲ್ಲಿಸಬಾರದು ಎಂದು ಅವಳು ಎಚ್ಚರಿಸಿದ್ದೂ ಕೇಳಿಸಿತು. ಸೀಟಿ ಊದಿದ ಕೂಡಲೇ ನಾನು ತಿರುಗಿಯೂ ನೋಡದೆ ಹೊರಟೆ.

ಏಳೆಂಟು ಕಿಲೋಮೀಟರ್ ಹೋದ ಮೇಲೆ ಗಮನಿಸಿದೆ, ಕಾಲು ಹಿಡಿಯುವುದು ನಿಂತಿತ್ತು. ರಸ್ತೆ ತೇಲುತ್ತಿರಲಿಲ್ಲ. ಹೊಟ್ಟೆಯಲ್ಲಿ ತಂಪು ಇತ್ತು. ಗಾಳಿ ಹಾಗೇ ಬೀಸುತ್ತಿತ್ತು, ನಾನು ಮಾತ್ರ ತುಳಿಯುತ್ತಿದ್ದೆ. ಆ ಅಂಬಲಿ ಕುಡಿಯದಿದ್ದರೆ ತಳಕಿನ ಆಚೆ ಎಲ್ಲೋ ಬಿದ್ದಿರುತ್ತಿದ್ದೆ. ಕಳೆದುಕೊಂಡದ್ದು ಐದು ನಿಮಿಷ. ಸಿಕ್ಕಿದ್ದು ಉಳಿದ ದಾರಿಯೆಲ್ಲ. ನಾನು ಆಡಿದ ಮಾತು ನಾಲಿಗೆಯ ಮೇಲೆ ಕಹಿಯಾಗಿ ಕೂತಿತು.

ಓಟದುದ್ದಕ್ಕೂ ನಾನೇ ಕೊನೆಯವನು. ವ್ಯಾನು ಹಿಂದೆ ಎಮ್ಮೆಯ ಹಾಗೆ ಮೆಲ್ಲಗೆ ಬರುತ್ತಿತ್ತು. ಡ್ರೈವರು ಆಗಾಗ ಪಕ್ಕಕ್ಕೆ ಬಂದು, ಬಾಗಿಲು ತೆಗೆಯಲಾ ಎಂದು ಕೈಸನ್ನೆ ಮಾಡುತ್ತಿದ್ದ. ಕೊನೆಯ ಎರಡು ಕಿಲೋಮೀಟರಿಗೆ ಹೆಂಡತಿ ರಸ್ತೆಯ ಆಚೆ ಬದಿಯಲ್ಲಿ, ಸೀರೆ ಎತ್ತಿ ಕಟ್ಟಿ ಓಡುತ್ತ ಬಂದಳು. ತಾನೂ ಹೊರಗಿನವಳೇ ಎಂಬ ಸುದ್ದಿ ಅವಳಿಗೂ ಮುಟ್ಟಿತ್ತು. ನನ್ನ ಕಡೆ ನೋಡಲಿಲ್ಲ, ಮಾತೂ ಆಡಲಿಲ್ಲ, ಅವಳ ಪಾಡಿಗೆ ಅವಳು ಓಡಿದಳು. ಕೆರೆ ಏರಿಯ ಮೇಲೆ ಕಟ್ಟಿದ್ದ ಬಟ್ಟೆಯ ಕಮಾನು ದಾಟಿದಾಗ ಸಮಯ ಮುಗಿಯಲು ಎರಡು ನಿಮಿಷ ಬಾಕಿ ಇತ್ತು. ಪದಕ ಹಾಕಿದವರು ಅದೇ ರೆಫರಿ.

ಸಂಜೆ ಊರಿಗೆ ಹೋದೆ. ಅವ್ವ ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದಳು. ಎದುರಿಗೆ ಕೂತು, "ಅವ್ವಾ, ಮರದ ಕೆಳಗೆ ಹಂಗೆ ಅನ್ನಬಾರ್ದಿತ್ತು ನಾನು" ಅಂದೆ.

"ವ್ಯಾನು ಹತ್ತಲಿಲ್ಲ ಹೌದಲ್ಲೋ?"

"ಇಲ್ಲವ್ವ."

"ಮತ್ತೇನು" ಎಂದು ಶೇಂಗಾದ ಮೊರವನ್ನು ನನ್ನ ಕಡೆ ಸರಿಸಿದಳು.

ಹದಿನೈದು ದಿನ ಕಳೆದಿರಬೇಕು. ಒಂದು ಭಾನುವಾರ ರೆಫರಿ ತಳಕಿನಲ್ಲಿ ಬಸ್ಸಿಳಿದು ಮನೆ ಹುಡುಕಿಕೊಂಡು ಬಂದರು. ಜೊತೆಯಲ್ಲಿ ಅವರ ತಾಯಿ. ನಡೆದದ್ದನ್ನೆಲ್ಲ ಮಗನ ಬಾಯಿಂದ ಕೇಳಿ, ಆ ಯಮ್ಮನನ್ನು ನೋಡಲೇಬೇಕು ಎಂದು ಹಟ ಹಿಡಿದಿದ್ದರಂತೆ. ಅವರದು ತೆಲುಗು ಹೆಚ್ಚು, ಅವ್ವನದು ಕನ್ನಡ ಹೆಚ್ಚು. ಮಧ್ಯಾಹ್ನವೆಲ್ಲ ಇಬ್ಬರೂ ಎರಡನ್ನೂ ಬೆರೆಸಿಕೊಂಡು ಮಾತಾಡಿದರು. ರೆಫರಿಯೂ ನಾನೂ ಹೊರಗಿನ ಕಟ್ಟೆಯ ಮೇಲೆ ಕೂತಿದ್ದೆವು. ಐದು ಗಂಟೆಯ ಬಸ್ಸಿಗೆ ಅವರನ್ನು ಹತ್ತಿಸಿ ಬಂದೆ.