ಬಲೆ ಕಟ್ಟಿದ ಗದ್ದೆ

ಮೊನ್ನೆ ಕಾಪು ಪೇಟೆಯಲ್ಲಿ ಕೆಂಪು ಹರಿವೆಯ ಕಟ್ಟೊಂದನ್ನು ಕೈಗೆತ್ತಿಕೊಂಡೆ. ಬೇರಿಗೆ ಅಂಟಿದ್ದ ಹೊಯಿಗೆಯ, ಮರಳುಮಣ್ಣಿನ, ವಾಸನೆ ಮೂಗಿಗೆ ಬಡಿಯಿತು. ಕೊಳ್ಳಲು ಹೋದದ್ದು ಟೊಮೆಟೊ. ನೆನಪಾದದ್ದು ಎರ್ಮಾಳಿನ ನಮ್ಮ ನೆರೆಮನೆಯ ದೊಡ್ಡಮ್ಮ.

ಅವರ ಮನೆಯ ಹಿಂದೆ ಅಂಗೈಯಗಲದ ಗದ್ದೆ. ಭತ್ತದ ಕೊಯ್ಲು ಮುಗಿದ ಮೇಲೆ ಅದರಲ್ಲಿ ಕೆಂಪು ಹರಿವೆ, ಹಸಿರು ಗುಳ್ಳಬದನೆ, ನೇರಳೆ ದಂಟಿನ ಬಸಳೆ, ಹಳದಿ ಹೂ ಬಿಟ್ಟ ಹೀರೆ... ಮೀನು ಮಾರಿ ಬಂದವರು ಸೀರೆ ಬದಲಿಸಿ ಸೀದಾ ಅಲ್ಲಿಗೇ. ಗಂಡ ತೀರಿಕೊಂಡ ಮೇಲೆ ಅವರು ನಗುತ್ತಿದ್ದ ಜಾಗ ಅದೊಂದೇ.

ಒಂದು ವರ್ಷ ನವಿಲುಗಳು ಬಂದವು. ಸಸಿ ತಲೆಯೆತ್ತುವ ಮೊದಲೇ ಕುಕ್ಕಿ ಮುಗಿಸಿದವು.

"ಸುಬ್ರಹ್ಮಣ್ಯನ ವಾಹನ, ಕಲ್ಲು ಬಿಸಾಡಲಿಕ್ಕುಂಟಾ?" ಎಂದರು ದೊಡ್ಡಮ್ಮ.

"ವಾಹನಕ್ಕೆ ಮೇವು ಹಾಕುವುದು ಮಾಲಿಕನ ಕೆಲಸ ಅಲ್ವಾ?" ಎಂದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ನಾಲಿಗೆ ಹರಿತವಾಗಿದ್ದ ಕಾಲ.

"ದಿನಾ ಇಲ್ಲೇ ಬಂದು ಭಾಷಣ ಮಾಡು ಮಾರಾಯ್ತಿ. ನಿನ್ನ ಬಾಯಿಗೆ ಹೆದರಿಯಾದರೂ ಓಡಲಿ."

ಕೊನೆಗೆ ಗಂಡ ಮೀನು ಹಿಡಿಯುತ್ತಿದ್ದ ನೈಲಾನ್ ಬಲೆಯನ್ನು ಅಟ್ಟದಿಂದ ಇಳಿಸಿ ಗದ್ದೆಯ ಸುತ್ತ ಕಟ್ಟಿದರು. ನಮ್ಮ ಕಡೆ ಹಳೆಯ ಬಲೆಗೆ ಅದೇ ಎರಡನೆಯ ಉದ್ಯೋಗ. ನವಿಲುಗಳ ಕಾಟ ನಿಂತಿತು, ಹರಿವೆ ಎದ್ದಿತು.

ಒಂದು ಬೆಳಿಗ್ಗೆ ಅವರ ಕೂಗು ಕೇಳಿ ಓಡಿದೆ. ಬಲೆಯ ಬುಡದಲ್ಲಿ ನಾಗರಹಾವು. ಇಲಿ ಹುಡುಕಿ ಬಂದದ್ದಿರಬೇಕು. ಬಲೆಯ ಕಣ್ಣೊಳಗೆ ತೂರಿ, ಮುಂದೆ ಹೋಗಲಾರದು, ಹಿಂದೆ ಬರಲಾರದು. ಒದ್ದಾಡಿದಷ್ಟೂ ನೂಲು ಮೈ ಕೊರೆಯುತ್ತಿತ್ತು. ಹಾವು ಹಿಡಿಯುವವರಿಗೆ ಫೋನು ಮಾಡಿದೆ. "ಕಾರ್ಕಳದಲ್ಲಿದ್ದೇನೆ, ಈಗಲೇ ಹೊರಟೆ, ಯಾರೂ ಮುಟ್ಟಬೇಡಿ" ಎಂದರು. ದೊಡ್ಡಮ್ಮ ಕತ್ತರಿ ಹಿಡಿದು ಮುಂದೆ ಹೋದಾಗ ಅದು ಬುಸುಗುಟ್ಟಿತು. ನಾನು ಅವರ ಸೆರಗು ಹಿಡಿದು ಎಳೆದೆ. "ಸ್ವಲ್ಪ ತಾಳು ದೇವರೇ, ಬರ್ತಾರೆ, ಈಗ ಬರ್ತಾರೆ" ಎನ್ನುತ್ತಾ ದೂರದಿಂದಲೇ ನೀರು ಚಿಮುಕಿಸಿದರು. ಬಿಸಿಲೇರಿತು. ಹಾವು ಹಿಡಿಯುವವರು ಬಂದು ಬಲೆ ಕತ್ತರಿಸುವ ಹೊತ್ತಿಗೆ... ಒದ್ದಾಟ ನಿಂತಿತ್ತು.

ನಮ್ಮಲ್ಲಿ ಸತ್ತ ನಾಗನಿಗೆ ಮನುಷ್ಯರಿಗೆ ಮಾಡುವಂತೆಯೇ ಸಂಸ್ಕಾರ. ಭಟ್ಟರು ಅದನ್ನು ಮುಗಿಸಿ, ದೋಷ ಕಳೆಯಿತು, ಇನ್ನು ತರಕಾರಿ ಬೆಳೆಯಬಹುದು ಎಂದರು. ನಾನು ಇನ್ನೂ ಮುಂದೆ ಹೋಗಿ, ದೋಷವೇ ಇಲ್ಲ ಎಂದು ವಾದಿಸಿದೆ: ಕೊಲ್ಲುವ ಉದ್ದೇಶ ಇರಲಿಲ್ಲ, ಹೀಗಾಗುತ್ತದೆಂದು ಗೊತ್ತಿರಲಿಲ್ಲ, ಗೊತ್ತಿಲ್ಲದ್ದಕ್ಕೆ ಯಾರೂ ಹೊಣೆಯಲ್ಲ... ಶಾಸ್ತ್ರವೂ ತರ್ಕವೂ ಒಂದೇ ಪಕ್ಷದಲ್ಲಿ ನಿಂತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ದೊಡ್ಡಮ್ಮ ಪೂರ್ತಿ ಕೇಳಿದರು.

"ನೀನು ಹೇಳುವುದು ಸರಿ ಮಗಾ. ಭಟ್ಟರು ಹೇಳಿದ್ದೂ ಸರಿ. ಆದರೆ ಬೀಜ ಹಿಡಿದರೆ ಅದರ ಒದ್ದಾಟವೇ ಕಣ್ಣೆದುರು ಬರುತ್ತದೆ. ಅದಕ್ಕೆ ಎಂತ ಮಾಡುವುದು?"

ಮತ್ತೆ ಅವರು ಬಿತ್ತಲಿಲ್ಲ. ಹೀರೆ ಬಳ್ಳಿಯಲ್ಲೇ ಒಣಗಿತು. ಸಂಜೆ ಮೀನಿನ ಬುಟ್ಟಿ ತೊಳೆದಿಟ್ಟು, ಗದ್ದೆ ಕಾಣದ ಹಾಗೆ ಎದುರಿನ ಜಗಲಿಯಲ್ಲಿ ಕೂರುತ್ತಿದ್ದರು.

ಈಗ ಅವರಿಲ್ಲ. ಗದ್ದೆಯಲ್ಲಿ ಹುಲ್ಲು ಸೊಂಟದೆತ್ತರ ಬೆಳೆದಿದೆ. ಆ ದಾರಿಯಲ್ಲಿ ಹೋಗುವಾಗ ಈಗಲೂ ನನಗೆ ಹೊಸ ಹೊಸ ವಾದಗಳು ಹೊಳೆಯುತ್ತವೆ, ಒಳ್ಳೆಯ ವಾದಗಳೇ... ಕೇಳಬೇಕಾದವರಿಲ್ಲ. ಇದ್ದಿದ್ದರೂ ಕೇಳಿ, ಸರಿ ಎಂದು ಒಪ್ಪಿ, ಗದ್ದೆ ಕಾಣದ ಅದೇ ಜಗಲಿಯಲ್ಲಿ ಕೂತಿರುತ್ತಿದ್ದರು.