ಕಾಲ್ಗುಣದ ಖಟ್ಲೆ

ಹೊಸ ಸೊಸೆ ಹೊಸ್ತಿಲು ದಾಟಿದ ವಾರದಲ್ಲಿ ಎಮ್ಮೆ ಬತ್ತಿದರೆ, ಮಾವನಿಗೆ ಜ್ವರ ಬಂದರೆ, ನಮ್ಮ ಕಡೆ ಅದಕ್ಕೆ ಅವಳ ಕಾಲ್ಗುಣ ಎನ್ನುತ್ತಾರೆ. ಈ ರೋಗ ಗಂಡಸರಿಗೂ ತಗಲಬಹುದು, ಅದೂ ತಲೆ ನರೆತ ಮೇಲೆ, ಎಂಬುದು ನನಗೆ ತಿಳಿದದ್ದು ನಮ್ಮವರು ಆಸ್ಟ್ರೇಲಿಯಾದಲ್ಲಿ ಆಡಿದ ಒಂದು ಟೆಸ್ಟ್ ಪಂದ್ಯದಲ್ಲಿ.

ಆಡುವವರು ಆಸ್ಟ್ರೇಲಿಯಾದಲ್ಲಿದ್ದರು, ನಾವು ಮಾಳಮಡ್ಡಿಯಲ್ಲಿ, ವಕೀಲರ ಮನೆಯ ಪಡಸಾಲೆಯಲ್ಲಿ ಟಿವಿಯ ಮುಂದೆ. ವಕೀಲರು, ಹಲ್ಲಿನ ಡಾಕ್ಟರು, ಗಾಡಿ ರಿಪೇರಿಯ ಸಾಹೇಬರು ಮತ್ತು ನಾನು. ನಾಲ್ವರ ಈ ಪೀಠ ಎಷ್ಟೋ ವರ್ಷಗಳಿಂದ ಟೆಸ್ಟ್ ಪಂದ್ಯಗಳ ವಿಚಾರಣೆ ನಡೆಸಿಕೊಂಡು ಬಂದಿತ್ತು. ಇಪ್ಪತ್ತು ಓವರಿನ ಆಟಕ್ಕೆ ಅಲ್ಲಿ ಪ್ರವೇಶವಿರಲಿಲ್ಲ. ಜಾಹೀರಾತಿನ ನಡುವೆ ಬರುವ ಗದ್ದಲ ಅದು ಎಂದು ವಕೀಲರು ತೀರ್ಪು ಕೊಟ್ಟಿದ್ದರು. ಟೆಸ್ಟನ್ನು ನಿಮ್ಮ ಮನೆಯಲ್ಲೇ ಒಬ್ಬರೇ ಕೂತು ನೋಡಬಹುದಲ್ಲ ಎಂದು ಕೇಳುವವರಿದ್ದಾರೆ. ಮದುವೆಯ ಊಟವನ್ನೂ ಡಬ್ಬಿಯಲ್ಲಿ ತರಿಸಿಕೊಂಡು ಉಣ್ಣಬಹುದು. ನಿವೃತ್ತಿಯ ನಂತರ ಈ ಊರಿನಲ್ಲಿ ನನ್ನದು ಎಂದು ಉಳಿದಿದ್ದ ಆಸನ ಒಂದೇ: ಆ ಪಡಸಾಲೆಯ ಕಿಟಕಿಯ ಪಕ್ಕದ ಬೆತ್ತದ ಕುರ್ಚಿ. ಕಚೇರಿಯ ಕುರ್ಚಿ ಇನ್ನೊಬ್ಬನಿಗೆ ಹೋದಾಗ ನನಗೆ ಏನೂ ಅನಿಸಿರಲಿಲ್ಲ. ಇದರ ಮಾತು ಬೇರೆ.

ಪಡಸಾಲೆಗೆ ಒಂದು ಶಾಸನವಿತ್ತು. ನಮ್ಮವರ ಜೊತೆಯಾಟ ಕುದುರಿದಾಗ ಯಾರೂ ಅಲುಗಕೂಡದು. ಒಮ್ಮೆ ಡಾಕ್ಟರು ಸ್ಟೂಲಿನ ಮೇಲೆ ಒಂದು ಕಾಲಿಟ್ಟ ಗಳಿಗೆಗೆ ಸರಿಯಾಗಿ ಬೌಂಡರಿ ಬಂತು. ಊಟದ ವಿರಾಮದವರೆಗೆ ಆ ಕಾಲು ರಾಷ್ಟ್ರದ ಆಸ್ತಿಯಾಯಿತು. ಆಮೇಲೆ ಅದನ್ನು ಕೆಳಗಿಳಿಸಲು ಇಬ್ಬರು ಬೇಕಾದರು.

ಆ ಪಂದ್ಯದ ಮೊದಲ ದಿನ ಬೆಳಿಗ್ಗೆ ಹಾಲಿನವನಿಗೆ ಕಾದು ನಾನು ತಡವಾಗಿ ಹೋದೆ. ಹೊಸ್ತಿಲು ದಾಟುವುದಕ್ಕೂ ನಮ್ಮ ಆರಂಭಿಕನ ಸ್ಟಂಪು ಹಾರುವುದಕ್ಕೂ ಸರಿಹೋಯಿತು. ಫೋನು ಬಂತೆಂದು ಹೊರಗೆ ಹೋಗಿ ಬಂದೆ, ಇನ್ನೊಬ್ಬ ಹೋದ. ಚಪ್ಪಲಿ ಬಿಸಿಲಿಗೆ ಬಿದ್ದಿವೆಯೆಂದು ಎತ್ತಿಟ್ಟು ಬಂದೆ, ನಾಯಕನೇ ಹೋದ. ವಕೀಲರು ಟಿವಿಯ ದನಿ ಅಡಗಿಸಿದರು.

“ಮೂರು ಸಲ ಹೊಸ್ತಿಲ, ಮೂರು ಸಲ ವಿಕೆಟ್. ಆರೋಪಿ ಏನರ ಹೇಳೋದದ ಏನು?”

“ವಕೀಲರ, ಚೆಂಡು ಒಗದಾಂವ ಆಸ್ಟ್ರೇಲಿಯಾದಾಗ ಇದ್ದಾನ. ನನ್ನ ಕಾಲು ಮಾಳಮಡ್ಡ್ಯಾಗ ಅದ.”

“ಕಾಲು ತನ್ನದ ಅಂತ ಆರೋಪಿನ ಒಪ್ಪಿಕೊಂಡ. ಕೇಳಿದ್ರಿಲ್ಲೋ ಡಾಕ್ಟರ?”

“ಕೇಳಿದೆ,” ಎಂದರು ಡಾಕ್ಟರು, ಅರಿವಳಿಕೆ ಕೊಡದೆ ಹಲ್ಲು ಕೀಳುವವರ ಮುಖಭಾವದಲ್ಲಿ.

ನಾನು ಸಾಹೇಬರ ಕಡೆ ತಿರುಗಿದೆ. ನಾಲ್ವರಲ್ಲಿ ಚಿಕ್ಕವರು, ಮೆತ್ತಗಿನ ಮನುಷ್ಯ. “ಸಾಹೇಬ್ರ, ನೀವರ ಒಂದು ಮಾತು ಹೇಳ್ರಿ.”

“ನಾ ಏನ್ ಹೇಳ್ಲಿ ಕಾಕಾ. ಪಾಪ ಅನ್ನಸ್ತೈತಿ.” ಅವರು ಚಹಾದ ಬಸಿಯನ್ನೇ ನೋಡುತ್ತಿದ್ದರು. “ಆದ್ರ ಖರೇ ಹೇಳಬೇಕಂದ್ರ, ನೀವು ನಮ್ಮ ಗ್ಯಾರೇಜಿಗೆ ಬಂದು ಕುಂತ ದಿನಾನೂ ಒಂದ್ ಗಿರಾಕಿ ಬರಂಗಿಲ್ಲ.”

ಶಿಕ್ಷೆ ಆಯಿತು. ನಮ್ಮವರ ಬ್ಯಾಟಿಂಗ್ ಮುಗಿಯುವವರೆಗೆ ನಾನು ಹೊರಗೆ ಕಟ್ಟೆಯ ಮೇಲೆ. ಚಹಾ, ಒಗ್ಗರಣೆ ಅವಲಕ್ಕಿ ಕಿಟಕಿಯಿಂದ ಬರತಕ್ಕದ್ದು. ದೃಷ್ಟಿಗೂ ಅದೇ ಗುಣವಿದ್ದರೆ ಎಂಬ ಮುಂಜಾಗ್ರತೆಯಿಂದ ಪರದೆ ಎಳೆದರು.

ಮರುದಿನ ಎದುರಾಳಿಗಳು ಬ್ಯಾಟ್ ಹಿಡಿದು ನೆಲೆಯೂರಿದಾಗ ಬಾಗಿಲು ತಾನಾಗಿ ತೆರೆಯಿತು. “ಬರ್ರಿ ಬರ್ರಿ, ಲಗೂ ಒಳಗ ಬರ್ರಿ!” ವಕೀಲರು ಕೈಹಿಡಿದು ಕರೆದೊಯ್ದರು. ಕುರ್ಚಿಯ ಧೂಳು ಒರೆಸಿದರು. ಕೆಡುಕು ಮಾಡುವ ಕಾಲು ಈಗ ಅವರಿಗೆ ಕೆಡುಕು ಮಾಡಲಿ ಎಂಬುದು ತರ್ಕ. ಹೊಸ್ತಿಲನ್ನು ಮೂರು ಸಲ ದಾಟಿಸಿದರು, ಒಮ್ಮೆ ಎಡಗಾಲು ಮುಂದೆ ಮಾಡಿ. ನನ್ನ ಜೀವಮಾನದಲ್ಲಿ ಒಂದು ವಿಕೆಟ್ಟಿಗಾಗಿ ಅಷ್ಟು ಬೇಡಿಕೊಂಡಿರಲಿಲ್ಲ. ಚಹಾ ವಿರಾಮದವರೆಗೂ ಒಂದೂ ಬೀಳಲಿಲ್ಲ. ಇಬ್ಬರೂ ಶತಕ ಹೊಡೆದು ಹೆಲ್ಮೆಟ್ ತೆಗೆದು ಬ್ಯಾಟು ಎತ್ತಿದರು. ನನಗೇ ವಂದನೆ ಸಲ್ಲಿಸಿದ ಹಾಗಿತ್ತು.

“ಕಾಲು ಕುರುಡಲ್ರಿ,” ಎಂದರು ಡಾಕ್ಟರು. “ಅದಕ್ಕ ಎರಡೂ ತಂಡದ ಗುರ್ತದ.”

ಮತ್ತೆ ಕಟ್ಟೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಮೆಂತ್ಯಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಲಿಲ್ಲ.

“ನಾ ಈ ಮನಿಗೆ ಬಂದ ವಾರನ ನಿಮ್ಮ ಅಪ್ಪಗ ದೂರದ ಊರಿಗೆ ವರ್ಗ ಆತು. ನಿಮ್ಮ ಅವ್ವ ಸಾಯೋತನಕಾ ಅದನ್ನ ನನ್ನ ಕಾಲಿಗೇ ಹಚ್ಚಿದ್ರು. ನಿಮಗೇನು, ಐದು ದಿವಸದ್ದು. ಕೂಡ್ರಿ ಕಟ್ಟಿ ಮ್ಯಾಲೆ. ಗಾಳಿ ಛಲೋ ಬರತದ.”

ಕೊನೆಯ ದಿನ ನಮ್ಮವರು ಗೆಲ್ಲುವ ಮಾತೇ ಇರಲಿಲ್ಲ. ದಿನವಿಡೀ ನಿಂತು ಡ್ರಾ ಮಾಡಿಕೊಳ್ಳಬೇಕಿತ್ತು. ನಾನು ಬೆಳಿಗ್ಗೆಯೇ ಮೇಲ್ಮನವಿ ಸಲ್ಲಿಸಿದೆ. ವಕೀಲರು ಕನ್ನಡಕ ಒರೆಸಿಕೊಂಡು ಆದೇಶ ಹೊರಡಿಸಿದರು: “ಇವತ್ತ ನೀವು ಹೊರಗ ಕೂತಿದ್ದೂ ನಮ್ಮವರು ಸೋತ್ರ, ನಿಮ್ಮ ಕಾಲಿಂದೇನೂ ತಪ್ಪಿಲ್ಲ. ಕುರ್ಚಿ ಮರ್ಯಾದಿಲೆ ವಾಪಸ್. ಪಂದ್ಯ ಉಳೀತೋ, ಶಿಕ್ಷಾ ಕಾಯಂ. ಎಲ್ಲಾ ಟೆಸ್ಟಿಗೂ.”

ನ್ಯಾಯವಾಗಿದೆ ಎಂದು ಒಪ್ಪಿ ಹೊರಗೆ ಕೂತೆ. ಬಾಗಿಲು ಮುಚ್ಚಿದ ಮೇಲೆ ಅರ್ಥವಾಯಿತು. ನಮ್ಮವರಿಗಾಗಿ ಸಂಕಷ್ಟಿ ಹಿಡಿದ ಮನುಷ್ಯ ನಾನು. ಈಗ ಕುರ್ಚಿ ಬೇಕೆಂದರೆ ಅವರು ಸೋತು ಸಾಯಬೇಕು.

ಬೆಳಗಿನ ಮೊದಲ ಗಂಟೆಯಲ್ಲಿ ದೇಶದ ಪರವಾಗಿಯೇ ಇದ್ದೆ. ಒಳಗಿಂದ “ಅಯ್ಯೋ” ಎಂಬ ದನಿ ಬಂದಾಗ ಎದೆ ಕುಸಿಯಿತು, ಜೊತೆಗೇ ಬೆತ್ತದ ಕುರ್ಚಿ ಕಣ್ಣ ಮುಂದೆ ಬಂತು. ಎರಡನೆಯ “ಅಯ್ಯೋ”ಗೆ ಎದೆ ಕುಸಿಯಲಿಲ್ಲ. ಐದನೆಯದಕ್ಕೆ ಕಿಟಕಿಯಿಂದ ಬಂದ ಅವಲಕ್ಕಿಗೆ ಇನ್ನಷ್ಟು ಶೇಂಗಾ ಕೇಳಿದೆ. ಒಂಬತ್ತು ಬಿದ್ದವು. ಆಮೇಲೆ ಒಳಗೆ ಸದ್ದೇ ಇಲ್ಲ. ಕಟ್ಟೆಯ ಮೇಲೆ ಕೂತವನಿಗೆ ಮೌನದಷ್ಟು ಕೆಟ್ಟ ಸುದ್ದಿ ಇನ್ನೊಂದಿಲ್ಲ: ಕೊನೆಯ ಜೋಡಿ ನಿಂತುಬಿಟ್ಟಿತ್ತು. ಆ ಜೋಡಿಯಲ್ಲಿದ್ದ, ಬ್ಯಾಟ್ ಹಿಡಿಯಲೂ ಬರದ ಬೌಲರನ ಮೇಲೆ ನನಗೆ ಹುಟ್ಟಿದಷ್ಟು ದ್ವೇಷ ಆಸ್ಟ್ರೇಲಿಯಾದವರಿಗೂ ಹುಟ್ಟಿರಲಿಕ್ಕಿಲ್ಲ.

ಆಗ ಒಳಗೆ ಮೂವರೂ ಒಟ್ಟಿಗೆ ಕೂಗಿದರು: “ಹೋತು! ಹೋತು!”

ನಾನು ಎದ್ದೆ. ಜೋರಾಗಿ ಚಪ್ಪಾಳೆ ತಟ್ಟುತ್ತಾ, “ನಿರ್ದೋಷಿ!” ಎಂದು ಬಾಗಿಲನ್ನು ಭುಜದಿಂದ ನೂಕಿ ಒಳಗೆ ನುಗ್ಗಿದೆ.

ಟಿವಿಯಲ್ಲಿ ಅಂಪೈರ್ ಒಂದು ಕೈ ಅಡ್ಡಕ್ಕೆ ಚಾಚಿ ನಿಂತಿದ್ದ. ನೋಬಾಲ್. ಔಟಾದವನು ವಾಪಸ್ ಬರುತ್ತಿದ್ದ. ಮೂವರೂ ಅವನನ್ನು ನೋಡುತ್ತಿರಲಿಲ್ಲ. ಇನ್ನೂ ಕೂಡಿಕೊಂಡೇ ಇದ್ದ ನನ್ನ ಎರಡು ಅಂಗೈಗಳನ್ನು ನೋಡುತ್ತಿದ್ದರು.

“ಚಪ್ಪಾಳಿ ಯಾಕ ಹೊಡದ್ರಿ?” ಎಂದರು ವಕೀಲರು.

“ಸೊಳ್ಳಿ,” ಎಂದೆ.

“ಹಾಡಹಗಲ ಸೊಳ್ಳಿ ಏನ್ ಕಾಕಾ?” ಎಂದರು ಸಾಹೇಬರು, ಬಹಳ ದುಃಖದಿಂದ.

ನಾನು ಬಿಡಲಿಲ್ಲ. “ಅದಿರ್ಲಿ, ನೋಡ್ರಿಲ್ಲೆ. ನಾ ಹೊಸ್ತಿಲ ದಾಟಿ ಒಳಗ ಬಂದೇನಿ. ವಿಕೆಟ್ ಬಿತ್ತೇನು? ಔಟಾದಾಂವ ತಿರುಗಿ ಬಂದ! ಕಾಲಿಂದು ಇನ್ನೇನು ಸಾಕ್ಷಿ ಬೇಕ್ರಿ?”

ವಕೀಲರು ಮತ್ತೆ ಟಿವಿಯ ದನಿ ಅಡಗಿಸಿದರು. “ಖರೇ ಅದ. ಕಾಲಿನ ಖಟ್ಲೆ ಖುಲಾಸೆ. ಈಗ ಚಾಲೂ ಆಗೋದು ಕೈ ಖಟ್ಲೆ.”

ಪಂದ್ಯ ಉಳಿಯಿತು. ಪೇಢೆ ಹಂಚಿದರು. ನನ್ನ ಪಾಲು ಕಿಟಕಿಯಿಂದ ಬಂತು.

ಮುಂದಿನ ಟೆಸ್ಟ್ ಸರಣಿಯ ಹೊತ್ತಿಗೆ ವಕೀಲರ ಮಗಳ ಮದುವೆಯಾಗಿತ್ತು. ಹುಬ್ಬಳ್ಳಿಯ ದೇಶಪಾಂಡೆ ನಗರದಿಂದ ಹೊಸ ಅಳಿಯ ಆಟ ನೋಡಲು ಬಂದ. ಕಟ್ಟೆಯ ಮೇಲಿದ್ದ ನನಗೆ ನಮಸ್ಕಾರ ಮಾಡಿದ. “ಒಳಗ ಬರ್ರೆಲಾ ಕಾಕಾ, ಹೊರಗ್ಯಾಕ ಕೂತೀರಿ?”

“ಗಾಳಿ ಛಲೋ ಬರತದ,” ಎಂದೆ.

ಅವನು ಹೊಸ್ತಿಲು ದಾಟಿದ. ಒಳಗೆ “ಅಯ್ಯೋ” ಎಂದರು. ಬೆತ್ತದ ಕುರ್ಚಿ ಕಿರುಗುಟ್ಟಿತು. ಆ ಸದ್ದನ್ನು ನಾನು ಎಲ್ಲಿದ್ದರೂ ಗುರುತಿಸಬಲ್ಲೆ. ಸ್ವಲ್ಪ ಹೊತ್ತಿಗೆ ಅವನು ಕಾರಿನಿಂದ ಏನೋ ತರಲು ಹೊರಗೆ ಬಂದು ಹೋದ. ಮತ್ತೊಂದು “ಅಯ್ಯೋ”. ಕೈತೊಳೆದು ಬಂದಾಗ ಮೂರನೆಯದು. ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. ಮೂರು ಸಲ ಹೊಸ್ತಿಲು, ಮೂರು ಸಲ ವಿಕೆಟ್. ಈಗ ಟಿವಿಯ ದನಿ ಅಡಗಬೇಕು.

ದನಿ ಅಡಗಲಿಲ್ಲ. ಅಳಿಯಂದಿರಿಗೆ ಕಾಲ್ಗುಣ ಇರುವುದಿಲ್ಲ, ಇರುವುದು ಉಪಚಾರ. ಒಳಗೆ ಯಾರೋ ಅವನಿಗೆ ಇನ್ನೊಂದು ಬಸಿ ಚಹಾ ಹಾಕುತ್ತಿದ್ದರು.

ಆಮೇಲೆ ಪರದೆ ಸರಿಯಿತು. ವಕೀಲರು ಕಿಟಕಿಯಿಂದ ಇಣುಕಿದರು.

“ಅಲ್ಲೇ ಕೂತೀರೇನ್ರಿ?”

“ಹೂಂ.”

“ಅದಕ್ಕ ಮತ್ತ ವಿಕೆಟ್ ಬೀಳಲಿಕ್ಕತ್ತಾವ!” ಅವರು ಒಳಗಿನವರಿಗೆ ಕೇಳುವ ಹಾಗೆ ಹೇಳಿದರು. “ಸ್ವಲ್ಪ ದೂರ ಸರೀರಿ. ಗೇಟಿನಾಚೆ ಬೇವಿನ ಗಿಡದ ಕೆಳಗ ಛಲೋ ನೆರಳದ.”

ಚಹಾದ ಕಪ್ಪು ಹಿಡಿದುಕೊಂಡು ಹೋಗಿ ನಿಂತೆ. ನೆರಳು ನಿಜಕ್ಕೂ ಛಲೋ ಇತ್ತು. ಅಲ್ಲಿಗೆ ಸದ್ದು ಮಾತ್ರ ಬರುವುದಿಲ್ಲ.