ಹಾಲು ಕೆಂಪಾದ ಬೆಳಗು

ನನ್ನ ಅತ್ತೆಯ ಕಥೆಗಳಲ್ಲಿ ಬಣ್ಣ ಬರೀ ಅಂದಕ್ಕೆಂದು ಬರುತ್ತಿರಲಿಲ್ಲ. ರಾಜಕುಮಾರಿಗೆ ಯಾರಾದರೂ ಕಪ್ಪು ಸೀರೆ ತಂದುಕೊಟ್ಟರೆ ಅವಳಿಗೆ ಕೇಡು ಕಾದಿದೆ ಎಂದೇ ಅರ್ಥ. ನಾನು ಬೇಲೂರಿನ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುವವಳು. ಮದುವೆಯಾಗಿ ಮಾದಿಹಳ್ಳಿಯ ಈ ಮನೆಗೆ ಬಂದವಳು, ಮಗಳು ಹುಟ್ಟಿದ ಮೇಲೆ ಅವಳ ನೆಪದಲ್ಲಿ ನಾನೂ ಆ ಕಥೆಗಳಿಗೆ ಕಿವಿಗೊಟ್ಟು ಕೂರುತ್ತಿದ್ದೆ.

ಒಂದು ಸಂಜೆ ಅತ್ತೆ ದೇಶ ಸುತ್ತಲು ಹೊರಟ ಹುಡುಗನ ಕಥೆ ಹೇಳಿದರು. ಹೊರಡುವಾಗ ಅವನು ತಾಯಿಯ ಮುಂದೆ ಒಂದು ಬಟ್ಟಲು ಹಾಲಿಟ್ಟು, "ಇದು ಬೆಳ್ಳಗಿರೋ ತನಕ ನಾನು ಚೆನ್ನಾಗಿದ್ದೀನಿ ಅಂತ ತಿಳ್ಕೊ. ಕೆಂಪಾದ್ರೆ ನನ್ನ ಆಸೆ ಬಿಡು" ಎನ್ನುತ್ತಾನೆ. ತಾಯಿ ಊಟ ನಿದ್ದೆ ಬಿಟ್ಟು ಬಟ್ಟಲು ಕಾಯುತ್ತಾಳೆ. ಕಥೆಗಳಲ್ಲಿ ಬಿಳಿ ಎಂದರೆ ಒಳ್ಳೆಯದು ಎಂದುಕೊಂಡಿದ್ದೆ. ಇಲ್ಲಿ ಬಿಳಿಯನ್ನು ನೋಡುತ್ತಾ ಕೂರುವುದೇ ಭಯವಾಗಿತ್ತು.

ಮಾರನೆಯ ದಿನ ನನ್ನ ಗಂಡ ಬೆಳಕು ಹರಿಯುವ ಮೊದಲೇ ಗಾಡಿಗೆ ಕೊಬ್ಬರಿ ಚೀಲ ತುಂಬಿಕೊಂಡು ಅರಸೀಕೆರೆಗೆ ಹೊರಟರು. ಆಮೇಲೆ ಅತ್ತೆ ಹಸು ಕರೆಯಲು ಕೂತರು. ಬಕೆಟ್ಟಿಗೆ ಹಾಲು ಬೀಳುವ ಸದ್ದು ಇದ್ದಕ್ಕಿದ್ದಂತೆ ನಿಂತಿತು. ನಾನು ಕೊಟ್ಟಿಗೆಗೆ ಹೋದಾಗ ಅವರು ಬಕೆಟ್ಟಿನ ಮೇಲೆ ಸೆರಗು ಮುಚ್ಚಿಕೊಂಡಿದ್ದರು.

"ಮಗು ಎದ್ದೈತಾ?"

"ಇಲ್ಲ. ಯಾಕತ್ತೆ?"

ಸೆರಗು ಸರಿಸಿದರು. ಹಾಲು ಕೆಂಪಗಿತ್ತು.

"ಕೆಚ್ಚಲಿಗೆ ಪೆಟ್ಟು ಬಿದ್ರೆ ಹೀಗಾಗುತ್ತೆ. ರಕ್ತ ಸೇರುತ್ತೆ, ಅಷ್ಟೇ" ಎಂದೆ. ಫೋನಿನಲ್ಲಿ ಪಶುವೈದ್ಯರೂ ಅದನ್ನೇ ಹೇಳಿದರು. ಅತ್ತೆ ತಲೆಯಾಡಿಸಿದರು. ಆಮೇಲೆ ಮೆಲ್ಲಗೆ, "ಅವನಿಗೊಂದು ಫೋನ್ ಮಾಡು ಕಣಮ್ಮಾ" ಎಂದರು.

ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಅರಸೀಕೆರೆಯ ಕೊಬ್ಬರಿ ಮಂಡಿಗೆ ಫೋನ್ ಮಾಡಿ ಕೇಳಿದರೆ, "ಇನ್ನೂ ಬಂದಿಲ್ಲ ಕಣ್ರೀ" ಎಂದರು. ನಾನು ಶಾಲೆಗೆ ರಜೆ ಹೇಳಿದೆ. ಆ ಹಾಲನ್ನು ಚೆಲ್ಲಬೇಕಿತ್ತು, ಕೈ ಬರಲಿಲ್ಲ. ವಿಜ್ಞಾನ ಹೇಳಿಕೊಡುವ ನಾನು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಬಕೆಟ್ ಕಾಯುತ್ತಿದ್ದೆ.

ಮಧ್ಯಾಹ್ನ ಕಳೆದ ಮೇಲೆ ಗಾಡಿಯ ಸದ್ದಾಯಿತು. ಗಂಡ ಇಳಿದರು. ಅಂಗಿಯ ಎದೆಯ ಮೇಲೆಲ್ಲ ರಕ್ತ ಒಣಗಿ ಗಡುಸಾಗಿತ್ತು. ಜಗಲಿಯಲ್ಲಿದ್ದ ಅತ್ತೆ ಬರಿಗಾಲಲ್ಲೇ ಅಂಗಳಕ್ಕಿಳಿದರು.

"ನಂದಲ್ಲಮ್ಮ, ನಂದಲ್ಲ!" ಎಂದು ಗಂಡ ದೂರದಿಂದಲೇ ಕೂಗಿದರು.

ಜಾವಗಲ್ ದಾಟಿದ ಮೇಲೆ ಬೈಕಿನ ಹುಡುಗನೊಬ್ಬ ರಸ್ತೆಯಲ್ಲಿ ಬಿದ್ದಿದ್ದನಂತೆ. ಗುದ್ದಿದ ಗಾಡಿ ನಿಂತಿರಲಿಲ್ಲ. ಇವರು ಅವನನ್ನು ಎತ್ತಿ ಆಸ್ಪತ್ರೆಗೆ ಒಯ್ದಿದ್ದರು. ಆ ಗಡಿಬಿಡಿಯಲ್ಲಿ ಫೋನ್ ಎಲ್ಲೋ ಬಿದ್ದುಹೋಗಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಹುಡುಗ ಹೋಗಿಬಿಟ್ಟಿದ್ದ.

ಅತ್ತೆ ಮಗನ ತೋಳು, ಬೆನ್ನು ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ಕೇಳಿದರು, "ಅವನಿಗೆ ತಾಯಿ ಅವ್ಳಾ?"

"ಗೊತ್ತಿಲ್ಲಮ್ಮ."

ಅತ್ತೆ ಕೊಟ್ಟಿಗೆಗೆ ಹೋಗಿ ಆ ಹಾಲನ್ನು ತೆಂಗಿನ ಬುಡಕ್ಕೆ ಸುರಿದು ಬಂದರು. ನನ್ನ ಎದೆ ಹಗುರಾಗಿತ್ತು, ಹಾಗೆ ಹಗುರಾದದ್ದಕ್ಕೇ ಹೆದರಿಕೆಯಾಯಿತು. ಆ ಕೆಂಪು ನಮ್ಮನ್ನು ಬಿಟ್ಟು ಇನ್ಯಾರದೋ ಮನೆಗೆ ಹೋಗಿತ್ತು.

ಹಸು ಕೆಲವು ದಿನಗಳಲ್ಲಿ ಸರಿಹೋಯಿತು. ಮಗಳಿಗೆ ನಾವು ಏನೂ ಹೇಳಲಿಲ್ಲ, ಆದರೆ ಅವಳು ಅಪ್ಪನ ಅಂಗಿ ನೋಡಿದ್ದಳು. ಒಂದು ಸಂಜೆ ಅತ್ತೆ, "ಗಿಣಿ ಕಥೆ ಹೇಳ್ಲೇನೇ?" ಎಂದರು.

"ಅದ್ರಲ್ಲಿ ಕೆಂಪು ಬರುತ್ತಾ ಅಜ್ಜಿ?"

"ಕೊಕ್ಕು ಮಾತ್ರ ಕಣೇ."

ಮಗಳು ಸ್ವಲ್ಪ ಯೋಚಿಸಿ, ಬೇಡ ಎಂದಳು.